ಹೇಳಿದ್ದನ್ನೇ ಹೇಳಿದ ತಿಮ್ಮರಾಜು

ಎಲ್ಲದಕ್ಕೂ ಕಾರಣ ಮೈಸೂರಿನ ಥೆರಪಿ ಮೇಡಂ. ಜ್ವರ ಬಂದು ಕಿವಿ ಕಳೆದುಕೊಂಡಿದ್ದ ಪಾಲಹಳ್ಳಿಯ ತಿಮ್ಮರಾಜುವಿಗೆ ಆಪರೇಶನ್ ಆಗಿ, ತಲೆಗೊಂದು ಬಿಲ್ಲೆ, ಕಿವಿಯ ಹಿಂದೊಂದು ಮಿಷನ್ನು ಬಂದ ಮೇಲೆ ಆಕೆ ಹೇಳಿದ್ದಿಷ್ಟು: "ಮನೆಯವರು ಬಾಯಿ ಕಾಣದ ಹಾಗೆ ಮಾತು ಹೇಳಬೇಕು, ನೀವು ಅದನ್ನೇ ತಿರುಗಿ ಹೇಳಬೇಕು. ಅಕ್ಕಪಕ್ಕದವರ ದನಿಯೂ ಅಭ್ಯಾಸ ಆಗಲಿ. ಸಂಜೆ ಹೊತ್ತಿಗೆ ಕಿವಿ ದಣಿಯುತ್ತೆ, ಆಗ ಬೇಡ."

ಹೆಂಡತಿ ಚಿಕ್ಕಬೋರಮ್ಮ ಬೆಳಿಗ್ಗೆಯೇ ಗಂಡನನ್ನು ಜಗಲಿಯ ಮೇಲೆ ಕೂರಿಸಿ, ತನ್ನ ಮುಖಕ್ಕೆ ಮೊರ ಅಡ್ಡ ಹಿಡಿದಳು.

"ಎಮ್ಮೆ ಹಾಲು ಕೊಡ್ತದೆ."

"ಎಮ್ಮೆ ಹಾಲು ಕೊಡ್ತದೆ," ಎಂದ ತಿಮ್ಮರಾಜು.

ಮೊರದ ಹಿಂದೆ ಅವಳು ಅತ್ತೇಬಿಟ್ಟಳು. ಎಷ್ಟೋ ವರ್ಷ ಗೋಡೆಯ ಜೊತೆ ಮಾತಾಡಿದ ಹೆಂಗಸು, ಅಳದೆ ಏನು ಮಾಡುತ್ತಾಳೆ? ಇವಳಿಗಾಗಿ ಇವತ್ತು ಒಂದು ಮಾತೂ ತಪ್ಪಬಾರದು ಎಂದುಕೊಂಡ ತಿಮ್ಮರಾಜು.

ನಾಲೆಗೆ ನೀರು ಬಿಟ್ಟಿದ್ದರು. ಸಸಿಮಡಿಯಲ್ಲಿ ಪೈರು ಬಲಿಯುತ್ತಿತ್ತು. ನಾಳೆ ತನ್ನ ಟ್ರಾಕ್ಟರಿನಲ್ಲಿ ತನ್ನ ಗದ್ದೆ ಉಳದಿದ್ದರೆ ನಾಟಿಗೆ ಹೇಳಿದ್ದ ಆಳುಗಳು ಬೇರೆಯವರ ಗದ್ದೆಗೆ ಇಳಿಯುತ್ತಾರೆ, ಈ ಸಲದ ಭತ್ತ ಕೈಬಿಟ್ಟ ಹಾಗೆಯೇ. ಊರಿಗೆಲ್ಲ ಗೊತ್ತಿತ್ತು, ಖಾಲಿ ಇರುವ ಟ್ರಾಕ್ಟರು ಅದೊಂದೇ ಎಂದು.

ಮೊದಲು ಬಂದವನು ಪಕ್ಕದ ಮನೆಯ ನರಸಯ್ಯ. "ನಾನೂ ಒಂದ್ ಮಾತು ಹೇಳ್ಲಾ?" ಎಂದು ಮೊರ ಇಸಿದುಕೊಂಡ. "ನಾಳೆ ನರಸಯ್ಯನ ಗದ್ದೆ ಉತ್ಕೊಡ್ತೀನಿ."

"ನಾಳೆ ನರಸಯ್ಯನ ಗದ್ದೆ ಉತ್ಕೊಡ್ತೀನಿ."

ಮಾತು ಕಿವಿಯಿಂದ ನೇರ ಬಾಯಿಗೆ ಬರುತ್ತಿತ್ತು. ಅರ್ಥ ಹಿಂದಿನಿಂದ ನಿಧಾನವಾಗಿ ನಡೆದುಕೊಂಡು ಬರುತ್ತಿತ್ತು. ಅದು ಬಂದು ಸೇರುವಷ್ಟರಲ್ಲಿ ನರಸಯ್ಯ ದಾರಿಹೋಕರನ್ನೆಲ್ಲ ಕೂಗುತ್ತಿದ್ದ. "ಕೇಳಿಸ್ಕಂಡ್ರಾ? ತಿಮ್ಮರಾಜು ಬಾಯಾರೆ ಒಪ್ಕಂಡವ್ನೆ!"

"ಲೇ, ಅದು ಅಭ್ಯಾಸ ಕಣ್ಲಾ!"

"ಅಭ್ಯಾಸ್ವೋ ಗಿಭ್ಯಾಸ್ವೋ, ನಾಕ್ ಜನದ್ ಮುಂದೆ ಆಡ್ಬುಟ್ಟಿದ್ದೀಯ."

ಆಮೇಲೆ ಕಾಯಿ ವ್ಯಾಪಾರದ ನಿಜಾಮುದ್ದೀನ್ ಬಂದ. "ತಿಮ್ಮರಾಜಣ್ಣ, ನಂದೂ ಒಂದು," ಎಂದು ಮೊರ ಹಿಡಿದ. "ನಾಳೆ ಟ್ರೈಲರ್ ಕಟ್ಕಂಡು ಕೆ.ಆರ್. ಪೇಟೆಯಿಂದ ನಿಜಾಮುದ್ದೀನ್ ಕಾಯಿ ತತ್ತೀನಿ, ಇನ್ಶಾ ಅಲ್ಲಾ."

ತಿಮ್ಮರಾಜು ಇನ್ಶಾ ಅಲ್ಲಾ ಸಮೇತ ಒಪ್ಪಿಸಿದ. ಸುಮ್ಮನಿರೋಣ ಎಂದರೆ ಚಿಕ್ಕಬೋರಮ್ಮ ಎದುರಿಗೇ ನಿಂತು, ಕೂಸು ಮೊದಲ ಹೆಜ್ಜೆ ಇಡುವುದನ್ನು ನೋಡುವಂತೆ ನೋಡುತ್ತಿದ್ದಳು. ಎದುರುಮನೆಯ ಪುಟ್ಟತಾಯಮ್ಮ ಬಂದು ಹೋಗುವ ಹೊತ್ತಿಗೆ ಅವಳ ಮನೆಮಂದಿಯನ್ನೆಲ್ಲ ನಾಳೆ ಅದೇ ಟ್ರೈಲರಿನಲ್ಲಿ ಕರಿಘಟ್ಟದ ದೇವಸ್ಥಾನಕ್ಕೆ ಕರೆದೊಯ್ಯುವುದೂ ನಿಶ್ಚಯವಾಗಿತ್ತು.

ಉಣ್ಣಲು ಕೂತಾಗ ತಿಮ್ಮರಾಜುವಿಗೆ ಮುದ್ದೆ ಇಳಿಯಲಿಲ್ಲ. ಉಳಿದದ್ದು ಒಂದೇ ದಾರಿ. ಮತ್ತೆ ಕಿವುಡನಾಗುವುದು.

ಸಂಜೆ ಚಿಕ್ಕಬೋರಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ನರಸಯ್ಯ ಬೀಡಿ ಸೇದುತ್ತಾ ಬಂದ. "ನಾಳೆ ಎಷ್ಟೊತ್ಗೆ ಬತ್ತೀಯ?"

"ಎಮ್ಮೆ ಕಟ್ಟಾಯ್ತು," ಎಂದ ತಿಮ್ಮರಾಜು.

ನರಸಯ್ಯ ಬೀಡಿ ತೆಗೆದ. "ಲೇ, ಬೆಳಗ್ಗೆನಾದ್ರೂ ಕೇಳಿಸಿತ್ತೇನ್ಲಾ ನಿಂಗೆ? ಇಲ್ದಿದ್ರೆ ಆ ಮಾತ್ನ ಇಟ್ಕಂಡು ಏನ್ ಮಾಡಾನ?"

ತಿಮ್ಮರಾಜುವಿನ ಎದೆ ಹಗುರಾಯಿತು. ಇನ್ನೊಂದು ಸಲ ಕಿವುಡನಾದರೆ ಸಾಕು, ಗದ್ದೆ ಉಳಿಯಿತು. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಮೊರ ಎತ್ತಿಕೊಂಡರು. ಪಾಂಡವಪುರದ ಬಾಮೈದ ಅಶೋಕ.

"ಬಾವ, ಟ್ರಾಕ್ಟರು ತಂದಿವ್ನಿ. ನಾಳೆ ನಿಮ್ ಗದ್ದೆ ಉತ್ಕೊಟ್ಟೇ ಹೋಗ್ಲಾ?"

"ಹುಲ್ಲು ಹಾಕಾಯ್ತು," ಎಂದುಬಿಟ್ಟ ತಿಮ್ಮರಾಜು.

ಹೇಳಿದ ಮೇಲೆ ಬೆವೆತ. ಕೇಳಿಸಿತು ಎಂದರೆ ನರಸಯ್ಯನ ಎದುರು ಸಿಕ್ಕಿಬೀಳಬೇಕು. ಇಲ್ಲ ಎಂದರೆ ಬಂದ ಟ್ರಾಕ್ಟರು ಹೋಗುತ್ತದೆ. ಅವನು ತೂಗಿ ನೋಡುತ್ತಿರುವಾಗಲೇ ಅಶೋಕನ ಫೋನು ಬಡಿದುಕೊಂಡಿತು. "ಬೆಳಗೊಳದಣ್ಣ, ನಾಳೆ ನಿಮ್ಗೇ ಆಯ್ತು, ಬಂದೆ," ಎಂದ ಅಶೋಕ. "ಪಾಪ, ಬಾವನ ಕಿವಿ ದಣಿದದೆ," ಎಂದು ಟ್ರಾಕ್ಟರು ಹತ್ತಿದ. ನರಸಯ್ಯ ಬೀಡಿಯನ್ನು ಮತ್ತೆ ಬಾಯಿಗಿಟ್ಟ.

ತಿಮ್ಮರಾಜು ಪಂಚೆ ಎತ್ತಿಕೊಂಡು ಓಡಿದ. "ಕೇಳಿಸ್ತು ಕಣೋ ಅಶೋಕಾ! ಎಲ್ಲಾ ಕೇಳಿಸ್ತು! ನಿಲ್ಲೋ!"

ಇಂಜಿನ್ನಿನ ಸದ್ದಿನಲ್ಲಿ ಅಶೋಕನಿಗೆ ಕೇಳಿಸಲಿಲ್ಲ. ಬೀದಿಗೆಲ್ಲ ಕೇಳಿಸಿತು.

"ಅಂಗಾರೆ ಬೆಳಗ್ಗೆ ಬೇಗ್ನೆ ಬಂದ್ಬುಡು," ಎಂದು ನರಸಯ್ಯ ಮನೆಗೆ ಹೋದ.

ಚಿಕ್ಕಬೋರಮ್ಮ ಹಾಲಿನ ಬಕೆಟ್ಟು ಹಿಡಿದೇ ಓಡಿ ಬಂದಳು. ಕಣ್ಣಲ್ಲಿ ನೀರು. "ಅಯ್ಯೋ ದೇವ್ರೇ, ಸಂಜೆನೂ ಕೇಳಿಸ್ತದಾ! ಕೂತ್ಕಳಿ, ಕೂತ್ಕಳಿ. ಬೆಳಗ್ಗೆಯಿಂದ ಇನ್ನೂ ನಾಕ್ ಮನೆಯೋರು ಕಾಯ್ತಾವ್ರೆ, ಈಗ್ಲೇ ಕರ್ಕಬತ್ತೀನಿ."