ಭವ್ಯ ಬ್ಲೌಸ್ ಕಾರ್ಯಕ್ರಮ

ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಏನಾದರೊಂದು ಹಿಡಿಯಲೇಬೇಕು. ನನ್ನ ಓರಗೆಯವರಿಗೆ ಸಕ್ಕರೆ ಕಾಯಿಲೆ, ಬಿ.ಪಿ., ಪಂಚಾಯ್ತಿ ರಾಜಕೀಯ ಹಿಡಿದವು. ನನಗೆ ಭರಣಿ ಹಿಡಿಯಿತು. ಉಪ್ಪಿನಕಾಯಿ ಹಾಕುವ ಭರಣಿಯ ಬಾಯಿಗೆ ತುಟಿ ಒಡ್ಡಿ 'ಭುಂ ಭುಂ' ಎಂದು ಊದುವುದೂ ಒಂದು ವಾದ್ಯವಂತೆ. ಸಮುದ್ರದಾಚೆ ಬ್ಲೂಸ್ ಎಂಬ ಹಳೆಯ ದುಃಖದ ಹಾಡುಗಳಿಗೆ ಹೀಗೆ ಊದುತ್ತಾರಂತೆ. ಇದನ್ನು ಮೊಬೈಲಿನಲ್ಲಿ ತೋರಿಸಿ ನನ್ನ ತಲೆ ಕೆಡಿಸಿದವನು ನಮ್ಮ ಗುಡಗೇರಿಯಲ್ಲಿ ಮೋಟರ್ ರಿಪೇರಿ ಮಾಡುವ, ಗಿಟಾರ್ ಬಾರಿಸುವ ದಸ್ತಗೀರ ಕಾಕಾ. ತಾಳಕ್ಕೆಂದು ಅರಿವೆ ಒಗೆಯುವ ಹಲಗೆಯ ಮೇಲೆ ಚಮಚ ಉಜ್ಜಲು ಬಸಪ್ಪ ಸೇರಿದ, ಮೂವರ ಬ್ಯಾಂಡ್ ಆಯಿತು. ಕರೆಂಟು ಬೇಡ, ಸ್ಪೀಕರ್ ಬೇಡ. ಕೇಳುವವರು ಮಾತ್ರ ಬೇಕಿತ್ತು.

ಅವರೇ ಸಿಗಲಿಲ್ಲ ನೋಡಿ. ಮಿಶ್ರಿಕೋಟಿಯ ಒಂದು ಗೃಹಪ್ರವೇಶದಲ್ಲಿ ಮುಕ್ಕಾಲು ತಾಸು ಬೆವರು ಸುರಿಸಿ ಬಾರಿಸಿ, ಕೈಮುಗಿದು ಎದ್ದರೆ ಮನೆಯ ಹಿರಿಯರು, "ಶ್ರುತಿ ಹಚ್ಚೂದು ಮುಗೀತಲ್ರಿ? ಇನ್ನ ಚಾಲೂ ಮಾಡ್ರಿ" ಎಂದರು. ಮನೆಯಲ್ಲಂತೂ ನಾನು ಭರಣಿ ಎತ್ತಿದ ಕೂಡಲೇ ಹೆಂಡತಿ ಗಿರಿಜಾ ಹಿತ್ತಲಿಗೆ ನಡೆಯುತ್ತಿದ್ದಳು. ಕೊನೆಗೆ ಕಾಕಾ ಬೇಸತ್ತು, "ಮಾಸ್ತರ, ನಮ್ಮೂರಾಗ ಒಂದ್ ಸಲ ಬಾರಸೂಣು. ಮಂದಿ ಕಡೀತನಕ ಕುಂತ್ರ ಬ್ಯಾಂಡ್ ಐತಿ. ಇಲ್ಲಾಂದ್ರ ಗಿಟಾರ್ ಅಟ್ಟಕ್ಕ ಹಾಕತೇನಿ" ಎಂದ. ಚಿತ್ರಕಲೆ ಮಾಸ್ತರನಾಗಿ ಇಪ್ಪತ್ತು ವರ್ಷ ಮಕ್ಕಳ ಸೊಟ್ಟ ಸೇಬುಹಣ್ಣು ತಿದ್ದಿದವನಿಗೆ ಹೇಳಿಕೊಳ್ಳುವಂಥ ಖುಷಿ ಅಂತ ಇದ್ದದ್ದು ಆ ಬ್ಯಾಂಡ್ ಒಂದೇ.

ಕುಂದಗೋಳದಲ್ಲಿ ಕರಪತ್ರ ಅಚ್ಚು ಹಾಕಿಸಿ ಹಂಚಿದೆವು. ಅಚ್ಚಿಗೆ ಮುಂಚೆ ತಪ್ಪು ನೋಡಿದವನು ನಾನೇ. ಅಂದು ಕನ್ನಡಕ ಮರೆತಿದ್ದೆ ಎಂಬುದನ್ನು ನಿಮ್ಮ ಹೊರತು ಯಾರಿಗೂ ಹೇಳಿಲ್ಲ.

ಭಾನುವಾರ ಸಂಜೆ ಶಾಲೆಯ ಬಯಲಿಗೆ ಹೋದರೆ, ಕಾಲಿಡಲು ಜಾಗವಿಲ್ಲದಂತೆ ಹೆಣ್ಣುಮಕ್ಕಳು! ಒಬ್ಬೊಬ್ಬರ ಬಗಲಲ್ಲೂ ಒಂದೊಂದು ಹಳೆಯ ಕುಪ್ಪಸ. ಮುಂದಿನ ಸಾಲಿನಲ್ಲಿದ್ದ ಮುದುಕಿ ಗಂಗವ್ವ, "ಅಳತಿ ಬ್ಲೌಸ್ ಯಾರ ಕಡೆ ಕೊಡಬೇಕ್ರಿ?" ಎಂದಳು. ಕರಪತ್ರ ತೆಗೆದು ಓದಿದೆ. 'ಭವ್ಯ ಬ್ಲೌಸ್ ಕಾರ್ಯಕ್ರಮ. ಎಲ್ಲರಿಗೂ ಉಚಿತ.' ಬ್ಲೂಸ್ ಹೋಗಿ ಬ್ಲೌಸ್ ಆಗಿತ್ತು.

"ಈಗ ಹೇಳಿದ್ರ ಎದ್ದು ಹೋಗ್ತಾರ. ಸುಮ್ಮ ಬಾರಸ್ರಿ" ಎಂದು ಕಾಕಾ ಪಿಸುಗುಟ್ಟಿದ. ಬಾರಿಸಿದೆವು. ಒಬ್ಬಳೂ ಅಲ್ಲಾಡಲಿಲ್ಲ. ಏನೇ ಹಂಚುವುದಿದ್ದರೂ ಕಾರ್ಯಕ್ರಮ ಮುಗಿದ ಮೇಲೆಯೇ ಹಂಚುತ್ತಾರೆ ಎಂಬುದು ನಮ್ಮ ಜನಕ್ಕೆ ಗೊತ್ತು. ಕಡೆಯ ಹಾಡಿಗೆ ನಾಲ್ಕು ತಲೆ ಆಡಿದ್ದನ್ನೂ ಕಂಡೆ. ಆಹಾ, ಏನು ಸುಖ! ಹಾಡು ಮುಗಿದದ್ದೇ ತಡ, ಬಯಲಿನ ತುಂಬ ಕುಪ್ಪಸಗಳು ಮೇಲೆದ್ದವು.

ಗತ್ಯಂತರವಿಲ್ಲದೆ ನಿಜ ಹೇಳಿದೆ. ಮೇಲೆದ್ದ ಕುಪ್ಪಸಗಳು ಒಂದೊಂದಾಗಿ ಕೆಳಗಿಳಿದವು. ಗಂಗವ್ವನೇ ಕೇಳಿದಳು, "ಹಂಗಾರ ಬ್ಲೂಸ್ ಅಂದ್ರ ಏನಪಾ?"

"ದುಃಖಾನ ತಾಳಕ್ಕ ಹಚ್ಚಿ ಹಾಡೂದು ಬೇ" ಎಂದ ಕಾಕಾ. "ಹೇಣ್ತಿ ಬಿಟ್ಟು ಹೋದ್ಲು, ಅಂಥಾವು."

"ಗಂಡ ಬಿಟ್ಟು ಹೋಗವಲ್ಲ ಅನ್ನೂ ದುಃಖಕ್ಕ ಹಾಡಿಲ್ಲೇನು?"

ಬಯಲೆಲ್ಲ ಗೊಳ್ಳೆಂದಿತು. ಆಗ ಹಿಂದಿನ ಸಾಲಿನಿಂದ ಎದ್ದವಳು ಗಿರಿಜಾ. ಅವಳ ಕೈಯಲ್ಲೂ ಅಳತೆಯ ಕುಪ್ಪಸ! "ಕಡೀಗರ ಒಂದು ಉಪಯೋಗದ ಕೆಲಸ ಮಾಡಾಕತ್ತೀರಿ ಅನ್ಕೊಂಡಿದ್ದೆ" ಎಂದವಳೇ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಬೀಸುವ ಪದದ ಧಾಟಿಯಲ್ಲಿ ಹಾಡಿಯೇಬಿಟ್ಟಳು:

"ಸಂತಿಗಿ ಹೋಗಿ ಬರ್ರಿ ಅಂದ್ರ ಚೀಲಾ ಮರತು ಬಂದಾನ,
ಹುಳುಕ ಬದನಿಕಾಯಿ ತಂದು ಅಗದಿ ತಾಜಾ ಅಂದಾನ,
ಭರಣಿ ತುಂಬ ಗಾಳಿ ತುಂಬಿ ಊಟಕ್ಕ ಕುಂತಾನ!"

ಹೆಣ್ಣುಮಕ್ಕಳೆಲ್ಲ ದನಿಗೂಡಿಸಿದರು. ಕಾಕಾ ಗಿಟಾರ್ ಹಿಡಿದ, ಬಸಪ್ಪ ಚಮಚ ಉಜ್ಜಿದ, ನಾನು ಊದಿದೆ. ಬೈಗುಳವೂ ನನ್ನದೇ, ಭುಂ ಭುಂ ಕೂಡ ನನ್ನದೇ. ಆಣೆ ಮಾಡಿ ಹೇಳುತ್ತೇನೆ, ಲಗ್ನದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಬ್ಯಾಂಡ್ ಉಳಿಯಿತು. ಈಗ ಯಮನೂರಿನವರೂ ಕರೆಯುತ್ತಾರೆ. ಕರೆಯುವುದು ಗಿರಿಜಾಳನ್ನು, ನಾವು ಹಿಂದೆ ಹೋಗುತ್ತೇವೆ. ತೊಡಕೆಂದರೆ, ಊರೂರಿಗೂ ಹೊಸ ಪದ ಬೇಕು. ಮೊನ್ನೆ ಅವಳ ಮೇಲೆ ಕನಿಕರ ಬಂದು, ಹೇಳಿಸಿಕೊಳ್ಳದೆ ಹಾಲು ಕಾಯಿಸಿದೆ, ಅಂಗಳ ಗುಡಿಸಿದೆ, ಅರಿವೆ ಒಣಹಾಕಿದೆ. ಸಂಜೆ ತಾಲೀಮಿಗೆ ಕೂತ ಗಿರಿಜಾ ಬಾಯಿ ತೆರೆದು ಹಾಗೆಯೇ ಮುಚ್ಚಿದಳು. ಹಾಡಲು ಏನೂ ಇರಲಿಲ್ಲ. ಕಾಕಾ ನನ್ನನ್ನು ಬಾಜೂಕ್ಕೆ ಕರೆದು, "ಮಾಸ್ತರ, ಕೈ ಮುಗೀತೇನ್ರಿ, ಬ್ಯಾಂಡಿನ ಸಲುವಾಗಿ ಸುಧಾರಿಸಬ್ಯಾಡ್ರಿ" ಎಂದ.

ಕಲೆಗಾಗಿ ಇಷ್ಟಾದರೂ ತ್ಯಾಗ ಮಾಡದಿದ್ದರೆ ಹೇಗೆ? ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಹಸಿ ಟವೆಲನ್ನು ಅವಳು ಆಗಷ್ಟೇ ಮಡಚಿಟ್ಟ ಹಾಸಿಗೆಯ ಮೇಲೆ ಎಸೆದು ಶಾಲೆಗೆ ಹೊರಟೆ. ಹೊಸ್ತಿಲು ದಾಟುವಷ್ಟರಲ್ಲಿ ಒಳಗಿನಿಂದ ಗುನುಗುವ ದನಿ ಕೇಳಿಸಿತು.