ಹಸಿ ಮೈಯ ಏಡಿ

ಊರಿಗೆಲ್ಲ ವಿಜ್ಞಾನ ಕಲಿಸುವವನ ಮಾತಿಗೆ ಅವನ ಮನೆಯಲ್ಲೇ ಮೂರು ಕಾಸಿನ ಬೆಲೆ ಇರುವುದಿಲ್ಲ ಎಂಬುದು ಮಾಸ್ತರಿಕೆಯ ಇಪ್ಪತ್ತು ವರ್ಷಗಳಲ್ಲಿ ನಾನು ಕಂಡುಕೊಂಡ ಸತ್ಯ. ಬ್ಯಾಡಗಿಯಲ್ಲಿದ್ದ ಮೇಲೆ ಮೆಣಸಿನಕಾಯಿ ಘಾಟಿಗೆ ಸೀನುವುದು ಇದ್ದದ್ದೇ. ಆದರೆ ಹೋದ ತಿಂಗಳು ನನಗೆ ಬಂದದ್ದು ನಿಜವಾದ ನೆಗಡಿ. ಏಡಿ ಸಾರೇ ಇದಕ್ಕೆ ಮದ್ದು ಎಂದು ಅವ್ವ ತೀರ್ಪು ಕೊಟ್ಟಳು. ರಾಣೆಬೆನ್ನೂರಿನ ಸಂತೆಯಲ್ಲಿ ಉಳಿದಿದ್ದ ಒಂದೇ ಒಂದು ದಪ್ಪ ಏಡಿಯನ್ನು ತಂದು ಬಕೆಟ್ಟಿನ ನೀರಿಗೆ ಬಿಟ್ಟೆ.

ಬೆಳಿಗ್ಗೆ ನೋಡಿದರೆ ಬಕೆಟ್ಟಿನಲ್ಲಿ ಎರಡು ಏಡಿ! ಒಂದು ಮೂಲೆಗೆ ಮುದುಡಿಕೊಂಡಿದೆ, ಇನ್ನೊಂದು ಅಲ್ಲಾಡುತ್ತಿಲ್ಲ.

“ಅಯ್ಯ ಶಿವನ, ಹಡದೈತಲ್ಲೋ! ಕೂಸು ಉಳದಿಲ್ಲ, ಪಾಪ,” ಎಂದಳು ಅವ್ವ.

“ಕೂಸು ತಾಯಿಯಷ್ಟ ದೊಡ್ಡದು ಇರತೈತೇನವ್ವ?”

“ಹುಟ್ಟಿದಾಗ ನೀನೇನ್ ಸಣ್ಣಾಂವ ಇದ್ದೇನು?”

ಅಲ್ಲಾಡದ್ದನ್ನು ಎತ್ತಿದೆ. ಶೇಂಗಾ ಸಿಪ್ಪೆಯಷ್ಟು ಹಗುರ! ಒಳಗೆ ಏನೂ ಇಲ್ಲ, ಬರೀ ಚಿಪ್ಪು. ಹಿಂದೆ ಡಬ್ಬಿಯ ಮುಚ್ಚಳದಂತೆ ತೆರೆದುಕೊಂಡಿದೆ. ಕಾಲಿನ ತುದಿ, ಮೀಸೆ, ಕಡೆಗೆ ಕಣ್ಣಿನ ಮೇಲಿನ ಪೊರೆ ಕೂಡ ಹಾಗೇ ಇದೆ. ನನಗೆ ನೆಗಡಿಯೇ ಮರೆತುಹೋಯಿತು. ಅಷ್ಟು ದಪ್ಪ ಕೊಂಡಿಯನ್ನು ಇಷ್ಟು ಸಣ್ಣ ಸಂದಿನಿಂದ ಅದು ಎಳೆದುಕೊಂಡದ್ದಾದರೂ ಹೇಗೆ? ದೀಪಾವಳಿಗೆ ಹೊಲಿಸಿದ ಪ್ಯಾಂಟಿನಿಂದ ನನಗೆ ಕಾಲು ಹೊರತೆಗೆಯಲು ಗೋಡೆಯ ಆಸರೆ ಬೇಕು.

ಏಡಿಗೆ ಎಲುಬು ಮೈಮೇಲೆಯೇ ಇರುತ್ತದೆ, ಮೈ ಬೆಳೆದರೂ ಚಿಪ್ಪು ಬೆಳೆಯುವುದಿಲ್ಲ, ಅದಕ್ಕೇ ಹಳೆಯದನ್ನು ಕಳಚುತ್ತದೆ, ಹೊಸದು ಗಟ್ಟಿಯಾಗುವವರೆಗೆ ಮೈ ಮೆತ್ತಗಿರುತ್ತದೆ ಎಂದು ಪಾಠ ಮಾಡಿದೆ.

“ನಾ ಹೇಳಿದ್ದೂ ಅದನ್ನ. ಹಸಿ ಮೈ,” ಎಂದ ಅವ್ವ, ಬಾಣಂತಿಗೆ ಗಾಳಿ ತಾಗಬಾರದೆಂದು ಬಕೆಟ್ಟಿಗೆ ತನ್ನ ಹಳೇ ಸೀರೆ ಹೊದಿಸಿದಳು.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. “ಮಸಾಲಿ ಅರದೇನ್ರಿ. ಅದು ಬಾಣಂತಿ ಹೌದೋ ಅಲ್ಲೋ, ಲಗೂ ಹೇಳ್ರಿ. ಅಲ್ಲಂದ್ರ ಕುದಸ್ತೇನಿ.”

ಅಲ್ಲ ಎಂದರೆ ಸಾಕು, ವಿಜ್ಞಾನವೂ ಗೆಲ್ಲುತ್ತದೆ, ಸಾರೂ ಸಿಗುತ್ತದೆ. ಸೀರೆ ಸರಿಸಿ ನೋಡಿದೆ. ಅದು ಕೊಂಡಿ ಎತ್ತಿ ನನ್ನನ್ನು ಹೆದರಿಸಲು ನೋಡಿತು. ಆ ಮೆತ್ತನೆಯ ಕೊಂಡಿಯಿಂದ ಚಿವುಟಲೂ ಆಗುವಂತಿರಲಿಲ್ಲ. ಸೀರೆಯನ್ನು ಮತ್ತೆ ಹೊದಿಸಿದೆ.

“ಬಾಣಂತಿನ ಐತಿ,” ಎಂದೆ.

ಮೈ ಗಟ್ಟಿಯಾದ ಮೇಲೆ ಅದನ್ನು ಕೆರೆಗೆ ಬಿಟ್ಟೆ. ಹೋಗುವಾಗ ಬೆರಳು ಕಚ್ಚಿಯೇ ಹೋಯಿತು. ಅವ್ವ ಈಗಲೂ ಓಣಿಯಲ್ಲಿ ಹೇಳುತ್ತಿರುತ್ತಾಳೆ, “ಏಡಿ ತನ್ನಷ್ಟ ದೊಡ್ಡ ಕೂಸು ಹಡಿತೈತಿ. ನಮ್ಮ ಸೈನ್ಸ್ ಮಾಸ್ತರನ ಹೇಳ್ಯಾನ.” ಇಪ್ಪತ್ತು ವರ್ಷಗಳಲ್ಲಿ ಅವ್ವ ನಂಬಿದ ನನ್ನ ಮಾತು ಅದೊಂದೇ.