ಯಾವ ಕೆಲಸಕ್ಕೂ ಬಾರದವನು

ಗಡಿಯಾರದ ಕಾರ್ಖಾನೆಯಲ್ಲಿ ಮುಳ್ಳು ಕೂರಿಸುವವನ ಕೈ ನಡುಗತೊಡಗಿತು. ಕಾರ್ಖಾನೆಯವರು ಆ ನಡುಗುವ ಕೈಯನ್ನೇ ಕುಲುಕಿ ಮನೆಗೆ ಕಳಿಸಿದರು. ಸಂಸಾರ ನಡೆಯಬೇಕಲ್ಲ? ನಿವೃತ್ತಿ ನಿಧಿಯಲ್ಲಿದ್ದ ತನ್ನ ಹಣ ಕೇಳಿದ. ವಯಸ್ಸು ತುಂಬುವ ಮೊದಲೇ ತೆಗೆದರೆ ತೆರಿಗೆಯ ಜೊತೆಗೆ ದಂಡ ಎಂದರು. ಇನ್ನು ದುಡಿಯಲಾರದವರಿಗೆ ಮಾತ್ರ ಆ ದಂಡ ಮಾಫಿ.

"ಅದಕ್ಯಾಕೆ ಚಿಂತೆ ಭಾವ? ಹೋಗಿ ಕೈ ತೋರ್ಸಿದ್ರೆ ಆಯ್ತು," ಎಂದು ಹೆಂಡತಿಯ ತಮ್ಮ ಮುಂದಾಳಾದ. ಹೆಂಡತಿ ಹೊರಟಳು. ಎದುರುಮನೆಯ ಟೀಚರಮ್ಮ ಕರೆಯದಿದ್ದರೂ ಸಾಕ್ಷಿಗೆ ಹೊರಟರು.

ತೆರಿಗೆ ಕಚೇರಿಯಲ್ಲಿ ಅಧಿಕಾರಿಯ ಪಕ್ಕ ಡಾಕ್ಟರು ಕೂತಿದ್ದರು.

"ಕೈ ಚಾಚಿ," ಎಂದರು ಡಾಕ್ಟರು.

ಚಾಚಿದ. ಬೆಳಿಗ್ಗೆಯಷ್ಟೇ ಅರ್ಧ ಲೋಟ ಕಾಫಿಯನ್ನು ಅಂಗಿಗೆ ಕುಡಿಸಿದ್ದ ಕೈ, ಅಧಿಕಾರಿಯನ್ನು ಕಂಡ ಹೆದರಿಕೆಗೆ ಗೋಡೆಗೆ ಹೊಡೆದ ಗೂಟದಂತೆ ನಿಂತುಬಿಟ್ಟಿತು.

"ಚೆನ್ನಾಗೇ ಇದೆಯಲ್ರೀ!"

"ಸ್ವಲ್ಪ ತಾಳಿ ಸಾರ್, ಈಗ ಬರುತ್ತೆ," ಎಂದು ಬಸ್ಸಿಗೆ ಕಾಯುವವನಂತೆ ಕೈಯನ್ನೇ ನೋಡುತ್ತ ಬೆವರಿದ.

"ಬಂದ್ರೂ ಅಷ್ಟೇ," ಎಂದರು ಅಧಿಕಾರಿ. "ಕೈ ಒಂದು ಹೋದ್ರೆ ಸಾಲ್ದು. ಯಾವ ಕೆಲಸಕ್ಕೂ ಬಾರದವರು ಅಂತ ಸಾಬೀತಾಗ್ಬೇಕು."

"ಅದನ್ನ ನನ್ನ ಕೇಳಿ," ಎಂದಳು ಹೆಂಡತಿ. "ಮದುವೆಯಾದಾಗಿಂದ ಹೇಳ್ತಾನೇ ಇದ್ದೀನಿ, ಇವತ್ತಿನವರೆಗೆ ಯಾರೂ ಬರ್ಕೊಂಡಿಲ್ಲ."

ಅಧಿಕಾರಿ ಬರೆದುಕೊಂಡರು.

"ಮರೆವೂ ಇದೆ ಸಾರ್," ಟೀಚರಮ್ಮ ದನಿಗೂಡಿಸಿದರು. "ನಮ್ಮನೆ ಏಣಿ ತಗೊಂಡು ಹೋಗಿ ವರ್ಷವಾಯ್ತು."

"ಅಂತಿಂಥ ಮರೆವಲ್ಲ," ಎಂದು ಭಾವಮೈದುನ ದನಿ ತಗ್ಗಿಸಿದ. "ಒಂದೊಂದ್ಸಲ ನನ್ನನ್ನೇ ಗುರುತು ಹಿಡಿಯಲ್ಲ."

ಭಾವಮೈದುನ ಸಾಲ ಕೇಳಲು ಬಂದಾಗಲೆಲ್ಲ ಅವನು ಗುರುತು ಹಿಡಿಯುತ್ತಿರಲಿಲ್ಲ, ನಿಜ. ಆದರೆ ಅದನ್ನು ಹೇಳಿ ಕೆಲಸ ಕೆಡಿಸಬಾರದೆಂದು ಅವನು ಪೆದ್ದನಂತೆ ಬಾಯಿ ತೆರೆದು ಕೂತ. ಡಾಕ್ಟರು ತಲೆಯಾಡಿಸಿದರು. ಅಧಿಕಾರಿ ಕರಗಿದರು.

"ಪಾಪ. ದಂಡ ಪೂರ್ತಿ ಮಾಫಿ."

ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಕುಣಿದರೆ ಕೆಟ್ಟೆ ಎಂದು ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ಆದ್ರೆ ಇಷ್ಟು ಬುದ್ಧಿ ಮಂಕಾದವರ ಕೈಗೆ ನಾವು ಹಣ ಕೊಡೋ ಹಾಗಿಲ್ಲ," ಅಧಿಕಾರಿ ಮುಂದುವರಿಸಿದರು. "ಜವಾಬ್ದಾರಿ ಯಾರು ಹೊರ್ತೀರಿ?"

"ನನ್ನ ತಮ್ಮ ಇದ್ದಾನಲ್ಲ!" ಹೆಂಡತಿ ಬೀಗಿದಳು. "ಹಣದ ವ್ಯವಹಾರ ಅಂದ್ರೆ ಅವನಿಗೆ ಪ್ರಾಣ."

ಅವನು ಕುರ್ಚಿಯಿಂದ ಚಿಮ್ಮಿದ. "ಅವನ ಕೈಗಾ? ಸಾರ್, ನನ್ನ ಬುದ್ಧಿ ನೆಟ್ಟಗಿದೆ!"

"ಹೌದಾ?" ಅಧಿಕಾರಿ ಮತ್ತೆ ಪೆನ್ನು ತೆರೆದರು. "ಹಾಗಾದ್ರೆ ದಂಡ ಹಾಕ್ತೀನಿ. ಸುಳ್ಳು ಹೇಳಿಸಿದ್ದಕ್ಕೆ ಇನ್ನೊಂದು."

ಅವನು ಪೆನ್ನನ್ನು ನೋಡಿದ. ಭಾವಮೈದುನನನ್ನು ನೋಡಿದ. ಮೆಲ್ಲಗೆ ಕೂತ.

"ಬಾಯಿ ತಪ್ಪಿ ಬಂತು ಸಾರ್. ನೆಟ್ಟಗಿಲ್ಲ."

ಭಾವಮೈದುನ ಅಕ್ಕರೆಯಿಂದ ಅವನ ಹೆಗಲು ಹಿಡಿದು ಎಬ್ಬಿಸಿದ.

"ಏಳಿ ಭಾವ. ಖರ್ಚಿಗೆ ಏನು ಬೇಕಾದ್ರೂ ಸಂಕೋಚ ಪಡದೆ ನನ್ನ ಕೇಳಿ," ಎಂದ. "ನೋಡೋಣ."